ಮಲಾವಿಯ ಹಳ್ಳಿಗಳಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ: ಯಾವುದು ಮೊದಲು, ಯಾವುದು ಆಮೇಲೆ

‘ಆಫ್ರಿಕಾದ ಹಳ್ಳಿಗಳಿಗೆ ಏನಾದರೂ ಮಾಡೋಣ’ ಎನ್ನುವ ಕನ್ನಡಿಗರು ಆಗಾಗ ಸಿಗುತ್ತಾರೆ. ಕೆಲವರು ಬೆಂಗಳೂರಿನ ಪ್ರತಿಷ್ಠಾನಗಳಲ್ಲಿರುವವರು, ಕೆಲವರು ಹೊರದೇಶದಲ್ಲಿ ನೆಲೆಸಿ ನಾಲ್ಕು ಕಾಸು ಉಳಿಸಿದವರು. ಮಾತು ಶುರುವಾದ ಐದೇ ನಿಮಿಷಕ್ಕೆ ಕೊಳವೆಬಾವಿಯ ಲೆಕ್ಕ ಬರುತ್ತದೆ: ಒಂದಕ್ಕೆ ಇಷ್ಟು, ಹತ್ತಕ್ಕೆ ಅಷ್ಟು, ಫಲಕದ ಮೇಲೆ ದಾನಿಗಳ ಹೆಸರು. ಯಾವ ದೇಶ, ಯಾವ ಜಿಲ್ಲೆ, ಅಲ್ಲಿ ಈಗಾಗಲೇ ಯಾರು ಏನು ಮಾಡುತ್ತಿದ್ದಾರೆ ಎಂಬ ಪ್ರಶ್ನೆಗಳು ಬಂದರೆ ಕೊನೆಗೆ ಬರುತ್ತವೆ. ಈ ಲೇಖನ ಆ ಕ್ರಮವನ್ನು ತಲೆಕೆಳಗು ಮಾಡುತ್ತದೆ. ಮೊದಲ ವರ್ಷ ಹಣ ಖರ್ಚು ಮಾಡುವ ಆತುರವೇ ಇಂಥ ಕಾರ್ಯಕ್ರಮಗಳ ದೊಡ್ಡ ಶತ್ರು ಎಂಬುದು ನನ್ನ ಖಚಿತ ಅಭಿಪ್ರಾಯ.

ಉದಾಹರಣೆಗೆ ಮಲಾವಿಯನ್ನು ಆರಿಸಿಕೊಂಡಿದ್ದೇನೆ. ಆಗ್ನೇಯ ಆಫ್ರಿಕಾದ ಈ ಪುಟ್ಟ ದೇಶದಲ್ಲಿ 28 ಜಿಲ್ಲೆಗಳಿವೆ. 2018ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1.75 ಕೋಟಿ, ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಗರು. ಉಗಾಂಡಾ, ಜಾಂಬಿಯಾಗಳಲ್ಲಿ ಕಚೇರಿಗಳ ಹೆಸರು ಬೇರೆ, ಕಾನೂನು ಬೇರೆ. ಕೆಲಸದ ಸರಣಿ ಮಾತ್ರ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ.

ಮೊದಲು ಹಣದ ದಾರಿ

ಭಾರತದಿಂದ ಹಣ ಕಳುಹಿಸುವವರು ತಮ್ಮ ಲೆಕ್ಕಪರಿಶೋಧಕರ ಜೊತೆ ಕೂರದೆ ವಿಮಾನದ ಟಿಕೆಟ್ ಕೊಳ್ಳಬಾರದು. ಕಂಪನಿ ಕಾಯ್ದೆಯಡಿ ಕಡ್ಡಾಯವಾಗಿರುವ ಸಾಮಾಜಿಕ ಹೊಣೆಗಾರಿಕೆಯ, ಅಂದರೆ ಸಿಎಸ್‌ಆರ್ ಹಣವನ್ನು ಹೊರದೇಶದಲ್ಲಿ ಖರ್ಚು ಮಾಡಿದರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಸೇರುವುದಿಲ್ಲ. ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸುವ ಕ್ರೀಡಾಪಟುಗಳ ತರಬೇತಿಗೆ ಮಾತ್ರ ಅಲ್ಲಿ ವಿನಾಯಿತಿ ಇದೆ. ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಟ್ರಸ್ಟುಗಳಿಗೂ ತೊಡಕು ಉಂಟು: ಕೇಂದ್ರ ನೇರ ತೆರಿಗೆ ಮಂಡಳಿಯ ಆದೇಶವಿಲ್ಲದೆ ಹೊರದೇಶದಲ್ಲಿ ಮಾಡಿದ ವೆಚ್ಚಕ್ಕೆ ಆ ವಿನಾಯಿತಿ ದಕ್ಕುವುದಿಲ್ಲ.

ಮಲಾವಿಯ ಕಡೆ, ಸರ್ಕಾರೇತರ ಸಂಸ್ಥೆಗಳೆಲ್ಲ ಅಲ್ಲಿನ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. 2022ರ ತಿದ್ದುಪಡಿಯ ನಂತರ ಈ ಪ್ರಾಧಿಕಾರಕ್ಕೆ ಹಲ್ಲು ಬಂದಿದೆ. ವಾರ್ಷಿಕ ವರದಿ, ಲೆಕ್ಕಪತ್ರಗಳನ್ನು ಒಪ್ಪಿಸದವರು ತೊಂದರೆಗೆ ಸಿಲುಕುತ್ತಾರೆ. ಕೆಲಸಕ್ಕೆ ಹೋಗುವ ಹೊರದೇಶದವರಿಗೆ ಉದ್ಯೋಗ ಪರವಾನಗಿ ಬೇಕು, ಪ್ರವಾಸಿ ವೀಸಾದಲ್ಲಿ ಯೋಜನೆ ನಡೆಸುವಂತಿಲ್ಲ. ಸಣ್ಣ ಗುಂಪಿಗೆ ನನ್ನ ಸಲಹೆ ಸರಳ: ಸ್ವಂತ ಸಂಸ್ಥೆ ನೋಂದಾಯಿಸುವ ಗೋಜಿಗೆ ಹೋಗದೆ, ಆ ಜಿಲ್ಲೆಯಲ್ಲೇ ಕಚೇರಿ ಇರುವ ಸ್ಥಳೀಯ ಸಂಸ್ಥೆಯೊಂದನ್ನು ಪಾಲುದಾರರನ್ನಾಗಿ ಮಾಡಿಕೊಳ್ಳಿ. ಅವರ ಹಿಂದಿನ ಮೂರು ವರ್ಷದ ಲೆಕ್ಕಪರಿಶೋಧನಾ ವರದಿ ಕೇಳಿ. ನಿಮ್ಮ ವರದಿಯನ್ನೂ ಅವರ ಮುಂದಿಡಿ.

ಬಜೆಟ್ಟನ್ನು ಮಲಾವಿಯ ಹಣವಾದ ಕ್ವಾಚಾದಲ್ಲಿ ಬರೆದು ವರ್ಷವಿಡೀ ಅದಕ್ಕೇ ಜೋತುಬೀಳುವುದು ಅಪಾಯ. 2023ರ ನವೆಂಬರಿನಲ್ಲಿ ಡಾಲರಿಗೆ ಸುಮಾರು 1,180 ಕ್ವಾಚಾ ಇದ್ದ ಅಧಿಕೃತ ದರ ಒಂದೇ ಏಟಿಗೆ 1,700ಕ್ಕೆ ಹೋಯಿತು. ಇಂಧನವೂ ಆಮದು, ಕೊಳವೆ ಪೈಪೂ ಆಮದು. ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಿಸುವ ಕರಾರನ್ನು ಒಪ್ಪಂದದಲ್ಲೇ ಬರೆಸಿ.

ಜಿಲ್ಲಾ ಮಂಡಳಿಯ ಬಾಗಿಲು ತಟ್ಟುವುದು

ಹಳ್ಳಿಗೆ ನೇರವಾಗಿ ನುಗ್ಗಬೇಡಿ. ಮಲಾವಿಯಲ್ಲಿ 1998ರ ವಿಕೇಂದ್ರೀಕರಣದ ನಂತರ ಅಭಿವೃದ್ಧಿಗೆಂದೇ ಒಂದು ಏಣಿ ಇದೆ. ಮೇಲೆ ಜಿಲ್ಲಾ ಮಂಡಳಿ. ಅದರ ಆಡಳಿತದ ಮುಖ್ಯಸ್ಥರು ಜಿಲ್ಲಾ ಕಮಿಷನರ್. ಆರೋಗ್ಯ, ನೀರು, ಕೃಷಿ, ಶಿಕ್ಷಣ ಇಲಾಖೆಗಳ ಅಧಿಕಾರಿಗಳು ಮತ್ತು ಜಿಲ್ಲೆಯಲ್ಲಿ ಕೆಲಸ ಮಾಡುವ ಸಂಸ್ಥೆಗಳು ಒಟ್ಟು ಸೇರುವ ಸಭೆಗೆ ಜಿಲ್ಲಾ ಕಾರ್ಯನಿರ್ವಾಹಕ ಸಮಿತಿ ಎಂದು ಹೆಸರು. ಅದರ ಕೆಳಗೆ ‘ಸಾಂಪ್ರದಾಯಿಕ ಪ್ರಾಧಿಕಾರಿ’ ಎನ್ನಿಸಿಕೊಳ್ಳುವ ದೊಡ್ಡ ಮುಖ್ಯಸ್ಥರ ವ್ಯಾಪ್ತಿಯಲ್ಲಿ ಪ್ರದೇಶ ಅಭಿವೃದ್ಧಿ ಸಮಿತಿ, ಇನ್ನೂ ಕೆಳಗೆ ಹಲವು ಹಳ್ಳಿಗಳ ಮುಖಂಡರ ಮಟ್ಟದಲ್ಲಿ ಗ್ರಾಮ ಅಭಿವೃದ್ಧಿ ಸಮಿತಿ.

ಕಾರ್ಯನಿರ್ವಾಹಕ ಸಮಿತಿಯ ಸಭೆಯಲ್ಲಿ ನಿಮ್ಮ ಯೋಜನೆಯನ್ನು ಮಂಡಿಸುವುದು ಎರಡನೆಯ ಹೆಜ್ಜೆ. ಇದನ್ನು ಶಿಷ್ಟಾಚಾರವೆಂದು ತಿಳಿದವರು ಮೋಸಹೋಗುತ್ತಾರೆ. ನೀವು ಆರಿಸಿದ ಪ್ರದೇಶದಲ್ಲಿ ಆಗಲೇ ನಾಲ್ಕು ಸಂಸ್ಥೆಗಳಿವೆ, ಪಕ್ಕದ ಗುಡ್ಡದ ಆಚೆಗೆ ಒಂದೂ ಇಲ್ಲ ಎಂಬ ಸಂಗತಿ ತಿಳಿಯುವುದು ಆ ಮೇಜಿನ ಸುತ್ತಲೇ. ಡಾಂಬರು ರಸ್ತೆಗೆ ಹತ್ತಿರವಿರುವ ಹಳ್ಳಿಗಳಿಗೆ ಯೋಜನೆಗಳು ಮುತ್ತುತ್ತವೆ. ಮಳೆಗಾಲದಲ್ಲಿ ದಾರಿ ಕಡಿದುಹೋಗುವ ಹಳ್ಳಿಗಳಿಗೆ ಯಾರೂ ಹೋಗುವುದಿಲ್ಲ. ಜಿಲ್ಲಾ ಅಭಿವೃದ್ಧಿ ಯೋಜನೆಯ ಪ್ರತಿಯನ್ನು ಕೇಳಿ ಪಡೆದು, ನಿಮ್ಮ ಕೆಲಸ ಅದರ ಯಾವ ಸಾಲಿಗೆ ಸೇರುತ್ತದೆ ಎಂದು ತೋರಿಸಿ. ಯಾವ ಸಾಲಿಗೂ ಸೇರದಿದ್ದರೆ ಯೋಜನೆಯನ್ನೇ ಮತ್ತೊಮ್ಮೆ ನೋಡಬೇಕಾಗುತ್ತದೆ.

ಇಲ್ಲಿಯೇ ಇನ್ನೊಂದು ಲಾಭವೂ ಇದೆ. ಹಳ್ಳಿ ಮಟ್ಟದಲ್ಲಿ ಸರ್ಕಾರದ ಆರೋಗ್ಯ ಕಾರ್ಯಕರ್ತರು, ಕೃಷಿ ವಿಸ್ತರಣಾ ಕಾರ್ಯಕರ್ತರು, ಸಮುದಾಯ ಅಭಿವೃದ್ಧಿ ಸಹಾಯಕರು ಆಗಲೇ ಇದ್ದಾರೆ. ಇವರಿಗೆ ಹಳ್ಳಿಯ ಪ್ರತಿ ಮನೆಯೂ ಗೊತ್ತು, ಸೈಕಲ್ಲಿನ ಟಯರು ಮಾತ್ರ ಸವೆದಿರುತ್ತದೆ. ಹೊಸ ಸಿಬ್ಬಂದಿಯನ್ನು ನೇಮಿಸಿ ಇವರನ್ನು ಬದಿಗೆ ಸರಿಸುವ ಯೋಜನೆ, ನೇಮಿಸಿದವರ ಸಂಬಳ ನಿಂತ ತಿಂಗಳೇ ಮುಗಿಯುತ್ತದೆ.

ಬ್ವಾಲೊದಲ್ಲಿ ಕುಳಿತು ಕೇಳುವುದು

ದೊಡ್ಡ ಮುಖ್ಯಸ್ಥರನ್ನು ಭೇಟಿಯಾಗಿ, ಅವರ ಮೂಲಕ ಹಳ್ಳಿಯ ಮುಖ್ಯಸ್ಥರಾದ ಮ್ಫುಮುಗಳಿಗೆ ಸುದ್ದಿ ಹೋದ ಮೇಲೆ ಸಭೆ ಸೇರುತ್ತದೆ. ಸಭೆಯ ಬಯಲಿಗೆ ಬ್ವಾಲೊ ಎನ್ನುತ್ತಾರೆ, ಸಾಮಾನ್ಯವಾಗಿ ದೊಡ್ಡ ಮರವೊಂದರ ನೆರಳು. ನಿಮಗೆ ಕುರ್ಚಿ ಬರುತ್ತದೆ, ಮ್ಫುಮುಗೆ ಕುರ್ಚಿ ಬರುತ್ತದೆ, ಗಂಡಸರು ಬೆಂಚು, ಇಟ್ಟಿಗೆ, ಮರದ ದಿಮ್ಮಿಗಳ ಮೇಲೆ. ಹೆಂಗಸರು ಸೊಂಟಕ್ಕೆ ಸುತ್ತಿದ ಚಿತೆಂಜೆ ಬಟ್ಟೆಯನ್ನು ಸರಿಮಾಡಿಕೊಂಡು ನೆಲದ ಮೇಲೆ. ಪ್ರಾರ್ಥನೆ, ಪರಿಚಯ, ಕೃತಜ್ಞತೆ ಎಲ್ಲ ಮುಗಿದ ನಂತರ ‘ನಿಮಗೆ ಏನು ಬೇಕು’ ಎಂದು ನೀವು ಕೇಳುತ್ತೀರಿ. ಉತ್ತರ ಮುಂಚೆಯೇ ಸಿದ್ಧವಿರುತ್ತದೆ: ಕೊಳವೆಬಾವಿ, ಶಾಲೆ, ಆಸ್ಪತ್ರೆ. ನಿಮ್ಮ ಕಾರಿನ ಮೇಲಿನ ಚಿಹ್ನೆ ನೋಡಿಯೇ ಜನ ಉತ್ತರ ಹೊಂದಿಸುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಯಾರು ಏನು ಕೊಡುತ್ತಾರೋ ಅದನ್ನೇ ಕೇಳುವುದು ಜಾಣತನ.

ಆದ್ದರಿಂದ ಆ ಪ್ರಶ್ನೆಯನ್ನು ಕೈಬಿಡಿ. ಬದಲಿಗೆ ಹೆಂಗಸರು, ಗಂಡಸರು, ಯುವಕರನ್ನು ಬೇರೆಬೇರೆಯಾಗಿ ಕೂರಿಸಿ ವರ್ಷದ ಲೆಕ್ಕ ಕೇಳಿ. ನೆಲದ ಮೇಲೆ ಹನ್ನೆರಡು ಕಲ್ಲುಗಳನ್ನಿಟ್ಟರೆ ಹನ್ನೆರಡು ತಿಂಗಳು. ಯಾವ ತಿಂಗಳಲ್ಲಿ ಮನೆಯ ಮೆಕ್ಕೆಜೋಳ ಮುಗಿಯುತ್ತದೆ, ಯಾವಾಗ ಸಾಲ ಮಾಡುತ್ತಾರೆ, ಮಕ್ಕಳಿಗೆ ಜ್ವರ ಹೆಚ್ಚುವುದು ಯಾವಾಗ, ಕೂಲಿಗೆ ಹೋಗುವುದು ಯಾವಾಗ? ಪ್ರತಿ ಕಲ್ಲಿನ ಬಳಿ ಕಾಳುಗಳನ್ನು ಹೆಚ್ಚು ಕಡಿಮೆ ಇಡಲು ಹೇಳಿ. ಅಕ್ಷರ ಬಾರದ ಅಜ್ಜಿಯೂ ಕಾಳು ಸರಿಸಿ ವಾದಿಸುತ್ತಾಳೆ. ಆ ವಾದವೇ ನಿಮಗೆ ಬೇಕಾದ ಮಾಹಿತಿ.

ಮಧ್ಯ ಮತ್ತು ದಕ್ಷಿಣ ಮಲಾವಿಯ ಚೆವಾ, ಯಾವೊ, ಲೊಮ್ವೆ ಜನರಲ್ಲಿ ಮಾತೃಮೂಲ ಪದ್ಧತಿ ಇದೆ. ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಹೋಗಿ ನೆಲೆಸುವುದು ರೂಢಿ. ಜಮೀನು ಹೆಣ್ಣಿನ ಕಡೆಯಿಂದ ಬರುತ್ತದೆ. ತುಳುನಾಡಿನ ಅಳಿಯಸಂತಾನ ಕಟ್ಟನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ, ಜೊತೆಗೆ ಅದರ ಒಳಸುಳಿಯೂ: ಜಮೀನು ಹೆಣ್ಣಿನ ಹೆಸರಿನಲ್ಲಿದ್ದರೂ ಮಾತು ನಡೆಯುವುದು ಹೆಚ್ಚಾಗಿ ಆಕೆಯ ಅಣ್ಣನದೋ ಸೋದರಮಾವನದೋ. ಮರ ನೆಡುವ, ಬದು ಹಾಕುವ ಕೆಲಸಕ್ಕೆ ಗಂಡಸರು ಹಿಂದೇಟು ಹಾಕಿದರೆ ಸೋಮಾರಿತನವೆಂದು ಬರೆದುಕೊಳ್ಳಬೇಡಿ. ಮದುವೆ ಮುರಿದರೆ ಆ ಹೊಲ ಅವನದಲ್ಲ. ಉತ್ತರದ ತುಂಬುಕಾ ಜನರಲ್ಲಿ ಪಿತೃಮೂಲ ಪದ್ಧತಿ ಇರುವುದರಿಂದ ಅಲ್ಲಿ ಲೆಕ್ಕಾಚಾರವೇ ಬೇರೆ.

ಒಂದು ಎಚ್ಚರಿಕೆ. 2017ರ ಕೊನೆಯಲ್ಲಿ ದಕ್ಷಿಣದ ಮುಲಾಂಜೆ, ಫಲೊಂಬೆ ಮುಂತಾದ ಜಿಲ್ಲೆಗಳಲ್ಲಿ ರಕ್ತ ಹೀರುವವರು ಬಂದಿದ್ದಾರೆಂಬ ವದಂತಿ ಹಬ್ಬಿ, ಗುಂಪುಗಳ ಕೈಗೆ ಸಿಕ್ಕಿ ಜನ ಸತ್ತರು. ವಿಶ್ವಸಂಸ್ಥೆ ತನ್ನ ಸಿಬ್ಬಂದಿಯನ್ನು ಎರಡು ಜಿಲ್ಲೆಗಳಿಂದ ಹಿಂದಕ್ಕೆ ಕರೆಸಿಕೊಂಡಿತು. ಮುನ್ಸೂಚನೆಯಿಲ್ಲದೆ ಅಪರಿಚಿತ ವಾಹನದಲ್ಲಿ ಸಂಜೆಯ ಹೊತ್ತು ಹಳ್ಳಿಗೆ ಹೋಗಿ ಮಕ್ಕಳ ತೂಕ, ರಕ್ತ ಎಂದು ಪರೀಕ್ಷೆ ಶುರುಮಾಡಿದರೆ ಏನಾಗಬಹುದೆಂದು ಇದರಿಂದ ಊಹಿಸಿಕೊಳ್ಳಿ. ಯಾವ ದಿನ, ಯಾರು, ಯಾತಕ್ಕೆ ಬರುತ್ತಾರೆ ಎಂಬುದು ಮ್ಫುಮುವಿಗೂ ಆರೋಗ್ಯ ಕಾರ್ಯಕರ್ತರಿಗೂ ಮುಂಚೆಯೇ ಗೊತ್ತಿರಬೇಕು. ಫೋಟೊ ತೆಗೆಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಮಳೆಯ ಪಂಚಾಂಗ

ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಸಿವಿನ ಕಾಲ: ಹೊಲದಲ್ಲಿ ಮೆಕ್ಕೆಜೋಳ ಎದ್ದಿರುತ್ತದೆ, ಮನೆಯಲ್ಲಿ ನ್ಸಿಮಾ ಮುದ್ದೆಗೆ ಹಿಟ್ಟಿರುವುದಿಲ್ಲ, ಬಡವರು ತಮ್ಮ ಹೊಲದ ಕಳೆ ಬಿಟ್ಟು ಇನ್ನೊಬ್ಬರ ಹೊಲಕ್ಕೆ ಗಾನ್ಯು ಕೂಲಿಗೆ ಹೋಗುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕೊಯ್ಲು ಮುಗಿದು ಕೈಯಲ್ಲಿ ಒಂದಿಷ್ಟು ಕಾಸು ಆಡುತ್ತದೆ.

ಹಾಗಾಗಿ ತರಬೇತಿ, ಸಭೆ, ಗುಂಪು ಕಟ್ಟುವುದು ಜೂನ್‌ನಿಂದ ಅಕ್ಟೋಬರ್. ದಾನಿಗಳ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆಂದು ಜನವರಿಯಲ್ಲಿ ಸಮೀಕ್ಷೆ ಮುಗಿಸಲು ಓಡುವುದು ಮೂರ್ಖತನ. ಇನ್ನು ಊರಿನಲ್ಲಿ ಸಾವಾದರೆ ಸಭೆ ತಾನಾಗಿಯೇ ರದ್ದು. ಮಾಲಿರೊ ಎಂಬ ಆ ವಿಧಿಗೆ ಹೋಗದವರನ್ನು ಊರು ಮರೆಯುವುದಿಲ್ಲ. ವೇಳಾಪಟ್ಟಿಯಲ್ಲಿ ಇದಕ್ಕೂ ಜಾಗ ಇಡಿ. ಆ ದಿನ ನೀವೂ ಹೋಗಿ ಕುಳಿತುಬನ್ನಿ.

ಒಂದೇ ಕೆಲಸದಿಂದ ಶುರು: ಜಗುಲಿ ಬ್ಯಾಂಕು

ಮೊದಲ ವರ್ಷಕ್ಕೆ ನಾನು ಸೂಚಿಸುವ ಒಂದೇ ಕೆಲಸ ಉಳಿತಾಯ ಗುಂಪು. ಮಲಾವಿಯಲ್ಲಿ ಇದು ಹೊಸತಲ್ಲ, ಜನ ಇದನ್ನು ಬ್ಯಾಂಕಿ ಮ್ಕೊಂಡೆ, ಅಂದರೆ ಜಗುಲಿಯ ಬ್ಯಾಂಕು ಎನ್ನುತ್ತಾರೆ. ಈ ಮಾದರಿಯನ್ನು ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ 1991ರಲ್ಲಿ ನೈಜರ್ ದೇಶದ ಮರಾಡಿ ಪ್ರದೇಶದ ಹೆಂಗಸರೊಂದಿಗೆ ರೂಪಿಸಿತು. ಅಲ್ಲಿಂದ ಖಂಡವೆಲ್ಲ ಹರಡಿತು.

ಕರ್ನಾಟಕದವರು ಇಲ್ಲಿ ಮುಗ್ಗರಿಸುವ ಜಾಗವೊಂದಿದೆ. ನಮಗೆ ಸ್ತ್ರೀಶಕ್ತಿ ಸಂಘ ಗೊತ್ತು, ಸ್ವಸಹಾಯ ಗುಂಪು ಗೊತ್ತು. ಆ ಕಲ್ಪನೆಗೆ ರೂಪ ಕೊಟ್ಟವರಲ್ಲಿ ಮೊದಲಿಗರು ಬೆಂಗಳೂರಿನ ಮೈರಾಡ ಸಂಸ್ಥೆಯವರು ಎಂಬ ಹೆಮ್ಮೆಯೂ ಇದೆ. ನಮ್ಮ ಗುಂಪಿನ ಹಣ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ನಬಾರ್ಡ್ 1992ರಲ್ಲಿ ಆರಂಭಿಸಿದ ಗುಂಪು-ಬ್ಯಾಂಕ್ ಜೋಡಣೆಯಿಂದಾಗಿ ಬ್ಯಾಂಕಿನ ಸಾಲವೂ ಬರುತ್ತದೆ. ಮಲಾವಿಯ ಹಳ್ಳಿಗೆ ಹತ್ತಿರದ ಬ್ಯಾಂಕ್ ಶಾಖೆ ಅರ್ಧ ದಿನದ ಪ್ರಯಾಣ. ಕೆಲವು ಕಡೆ ಕಬಾಜಾ ಸೈಕಲ್ ಟ್ಯಾಕ್ಸಿಯಲ್ಲಿ ಹೋಗಿ ಅಲ್ಲಿಂದ ಮಿನಿಬಸ್ಸು ಹಿಡಿಯಬೇಕು. ಅಲ್ಲಿನ ಗುಂಪು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ ಹಂಚಿಕೊಳ್ಳುತ್ತದೆ. ಈ ಹಂಚಿಕೆಯೇ ಅದರ ಲೆಕ್ಕಪರಿಶೋಧನೆ: ಹಣ ಕೈಗೆ ಬಂದರೆ ಲೆಕ್ಕ ಸರಿ, ಬಾರದಿದ್ದರೆ ತಪ್ಪು. ಅದನ್ನು ಬದಲಿಸಲು ಹೋಗಬೇಡಿ.

ನಡೆಯುವ ಬಗೆ ಹೀಗೆ. ಹದಿನೈದರಿಂದ ಇಪ್ಪತ್ತೈದು ಮಂದಿ, ಒಬ್ಬರನ್ನೊಬ್ಬರು ಬಲ್ಲವರು, ತಾವೇ ಸೇರಿಕೊಂಡವರು. ನೀವು ಪಟ್ಟಿ ಮಾಡಿ ಸೇರಿಸಿದರೆ ಗುಂಪು ಆ ವರ್ಷವೇ ಒಡೆಯುತ್ತದೆ. ಒಂದು ತಗಡಿನ ಪೆಟ್ಟಿಗೆ, ಮೂರು ಬೀಗ, ಮೂರು ಕೀಲಿ. ಕೀಲಿ ಇಟ್ಟುಕೊಂಡವರು ಬೇರೆ, ಪೆಟ್ಟಿಗೆ ಇಟ್ಟುಕೊಂಡವರು ಬೇರೆ. ಪ್ರತಿ ಸಭೆಯಲ್ಲಿ ಸದಸ್ಯರು ಒಂದರಿಂದ ಐದು ಷೇರು ಕೊಳ್ಳಬಹುದು. ಷೇರಿನ ಬೆಲೆಯನ್ನು ಗುಂಪಿನಲ್ಲಿ ಅತಿ ಬಡವರು ಕೊಡಬಲ್ಲಷ್ಟಕ್ಕೆ ಇಡಬೇಕು. ಷೇರಿಗೊಂದು ಮುದ್ರೆಯಂತೆ ಪುಸ್ತಕದಲ್ಲಿ ಒತ್ತುತ್ತಾರೆ. ಓದಲು ಬಾರದವರಿಗೂ ಮುದ್ರೆ ಎಣಿಸಲು ಬರುತ್ತದೆ. ಸಭೆಯ ಕೊನೆಗೆ ಪೆಟ್ಟಿಗೆಯಲ್ಲಿರುವ ಮೊತ್ತವನ್ನು ಗಟ್ಟಿಯಾಗಿ ಹೇಳುತ್ತಾರೆ, ಎಲ್ಲರೂ ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಮುಂದಿನ ಸಭೆ ಪೆಟ್ಟಿಗೆ ತೆರೆಯುವ ಮುನ್ನ ಆ ಮೊತ್ತವನ್ನು ಜನರ ಬಾಯಿಂದಲೇ ಕೇಳುತ್ತಾರೆ. ಸಾವು, ಕಾಯಿಲೆಗೆಂದು ಪ್ರತ್ಯೇಕ ನಿಧಿ ಇರುತ್ತದೆ. ಸಾಲ ಸಾಮಾನ್ಯವಾಗಿ ಉಳಿತಾಯದ ಮೂರುಪಟ್ಟನ್ನು ಮೀರಬಾರದು.

ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿ ಎಂದು ಕೇಳಿ ಬೆಚ್ಚಿಬೀಳಬೇಡಿ. ಆ ಬಡ್ಡಿ ವರ್ಷಾಂತ್ಯಕ್ಕೆ ಅವರಿಗೇ ಮರಳುತ್ತದೆ. ಹೊರಗೆ ಕಟಪಿಲಾ ಎಂಬ ಖಾಸಗಿ ಸಾಲ ತೆಗೆದರೆ ಅಸಲಿನಷ್ಟೇ ಬಡ್ಡಿ ಕಟ್ಟಬೇಕಾದದ್ದೂ ಉಂಟು. ಹಂಚಿಕೆಯ ತಿಂಗಳನ್ನು ಮಾತ್ರ ಯೋಚಿಸಿ ಇಡಲು ಹೇಳಿ: ಅಕ್ಟೋಬರ್ ಕೊನೆ, ನವೆಂಬರ್ ಆರಂಭದಲ್ಲಿ ಹಣ ಕೈಗೆ ಬಂದರೆ ಬೀಜ, ಗೊಬ್ಬರಕ್ಕೆ ಒದಗುತ್ತದೆ.

ನಿಮ್ಮ ಹಣ ಈ ಪೆಟ್ಟಿಗೆಗೆ ಬೀಳಲೇಬಾರದು. ದಾನದ ಹಣ ಸೇರಿದ ಕೂಡಲೇ ಸಾಲ ತೀರಿಸುವ ಮನಸ್ಸು ಸಡಿಲವಾಗುತ್ತದೆ, ತಮ್ಮದಲ್ಲದ ಹಣಕ್ಕೆ ಕಾವಲು ಇರುವುದಿಲ್ಲ. ನಿಮ್ಮ ಖರ್ಚು ಪೆಟ್ಟಿಗೆ, ಪುಸ್ತಕ, ತರಬೇತುದಾರರ ಸೈಕಲ್ಲು ಮತ್ತು ಗೌರವಧನ, ಅಷ್ಟೇ. ಇದನ್ನು ದಾನಿಗಳಿಗೆ ವಿವರಿಸುವುದೇ ಕಷ್ಟದ ಕೆಲಸ, ಏಕೆಂದರೆ ಫಲಕ ಹಾಕಲು ಇಲ್ಲಿ ಏನೂ ಇರುವುದಿಲ್ಲ.

ಕೊಳವೆಬಾವಿ ಬೇಕೇ ಬೇಕು ಎಂದಾದರೆ

ಎರಡನೆಯ ವರ್ಷ, ಗುಂಪುಗಳು ಲೆಕ್ಕ ಇಡುವುದನ್ನು ಕಲಿತ ಮೇಲೆ. ಸಹಾರಾದ ದಕ್ಷಿಣಕ್ಕಿರುವ ದೇಶಗಳಲ್ಲಿ ಮೂರರಲ್ಲಿ ಒಂದು ಕೈಪಂಪು ಕೆಟ್ಟು ನಿಂತಿದೆ ಎಂದು 2009ರ ಹೊತ್ತಿಗೆ ಅಂದಾಜು ಮಾಡಲಾಗಿತ್ತು. ಅದಕ್ಕೂ ಸ್ವಲ್ಪ ಮುಂಚೆ ಪ್ಲೇಪಂಪ್ ಎಂಬ ಯಂತ್ರದ ಅಬ್ಬರ ನಡೆದಿತ್ತು: ಮಕ್ಕಳು ಗಿರಿಗಿಟ್ಲೆ ಆಡಿದರೆ ನೀರು ಮೇಲೇರುತ್ತದೆ ಎಂಬ ಸೊಗಸಾದ ಕಲ್ಪನೆ. 2006ರಲ್ಲಿ ಅಮೆರಿಕದಿಂದ ದೊಡ್ಡ ಮೊತ್ತ ಘೋಷಣೆಯಾಯಿತು, ಸಾವಿರಾರು ಯಂತ್ರಗಳ ಗುರಿ ಇಟ್ಟರು. ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಹೆಂಗಸರು ಬಗ್ಗಿ ಆ ಚಕ್ರ ತಳ್ಳಬೇಕಾಯಿತು. ಬಿಡಿಭಾಗ ಊರಲ್ಲಿ ಸಿಗುತ್ತಿರಲಿಲ್ಲ, ಕೆಲವು ಕಡೆ ಕೆಲಸ ಮಾಡುತ್ತಿದ್ದ ಹಳೆಯ ಕೈಪಂಪನ್ನು ಕಿತ್ತು ಇದನ್ನು ಕೂರಿಸಿದ್ದರು.

ಮಲಾವಿಯಲ್ಲಿ ಚಾಲ್ತಿಯಲ್ಲಿರುವುದು ಆಫ್ರಿದೇವ್ ಪಂಪು. ಬೇರೆ ಯಾವುದನ್ನೂ ತರಬೇಡಿ, ಭಾರತದ ಇಂಡಿಯಾ ಮಾರ್ಕ್ 2 ಪಂಪಿನ ಮೇಲೆ ಎಷ್ಟೇ ಅಭಿಮಾನವಿದ್ದರೂ. ಅದು ಉಗಾಂಡಾ, ಜಾಂಬಿಯಾಗಳಲ್ಲಿ ಬಳಕೆಯಲ್ಲಿದೆ, ಇಲ್ಲಿ ಅಲ್ಲ. ಆಫ್ರಿದೇವ್‌ನ ಸವೆಯುವ ಭಾಗಗಳಾದ ಸೀಲು, ಬುಷ್‌ಗಳನ್ನು ಊರಿನ ಹೆಂಗಸರೇ ಒಂದು ಸ್ಪ್ಯಾನರ್ ಹಿಡಿದು ಬದಲಿಸಬಹುದು. ಅದಕ್ಕೆಂದೇ ಅದನ್ನು ರೂಪಿಸಿದ್ದು. ಕೊರೆಸುವ ಜಾಗವನ್ನು ಜಿಲ್ಲಾ ನೀರಿನ ಕಚೇರಿಯವರೊಂದಿಗೆ ಭೂಭೌತಿಕ ಸಮೀಕ್ಷೆ ಮಾಡಿ ನಿರ್ಧರಿಸಿ, ಮುಖ್ಯಸ್ಥರ ಅಂಗಳಕ್ಕೆ ಹತ್ತಿರ ಎಂಬ ಕಾರಣಕ್ಕಲ್ಲ. ಕೊರೆಸುವುದು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಅಂತರ್ಜಲ ತೀರಾ ಕೆಳಗಿರುವಾಗ. ಮಾರ್ಚ್‌ನಲ್ಲಿ ಕೊರೆಸಿದ ಬಾವಿ ಅಕ್ಟೋಬರಿನಲ್ಲಿ ಬತ್ತಬಹುದು. ನೀರಿನ ಪ್ರಮಾಣವನ್ನೂ ಉಪ್ಪು, ಫ್ಲೋರೈಡ್ ಅಂಶವನ್ನೂ ಪರೀಕ್ಷಿಸದೆ ಗುತ್ತಿಗೆದಾರರಿಗೆ ಕೊನೆಯ ಕಂತು ಕೊಡಬೇಡಿ.

ಸರ್ಕಾರದ ಮಾನದಂಡ ಒಂದು ಕೊಳವೆಬಾವಿಗೆ 250 ಜನ. ನೀರಿನ ಸಮಿತಿಯಲ್ಲಿ ಹೆಂಗಸರು ಬಹುಮತದಲ್ಲಿರಲಿ, ಖಜಾಂಚಿಯಂತೂ ಉಳಿತಾಯ ಗುಂಪಿನಲ್ಲಿ ಪಳಗಿದವಳಾಗಿರಲಿ. ನಿರ್ವಹಣೆಯ ವಂತಿಗೆಯನ್ನು ಕೊಯ್ಲಾದ ಕೂಡಲೇ ಎತ್ತಬೇಕು, ಹಸಿವಿನ ಕಾಲದಲ್ಲಿ ಕೇಳಿದರೆ ಯಾರೂ ಕೊಡಲಾರರು. ಬಾವಿ ಕೊರೆಸುವ ಮುನ್ನವೇ ಮೊದಲ ಸೆಟ್ ಬಿಡಿಭಾಗಕ್ಕಾಗುವಷ್ಟು ಹಣವನ್ನು ಊರಿನವರೇ ಕೂಡಿಸಲಿ. ಕೂಡಿಸಲಾಗದಿದ್ದರೆ ಕೊರೆಯುವ ಲಾರಿಯನ್ನು ಕರೆಸಬೇಡಿ.

ಭತ್ಯೆ ಎಂಬ ಕಗ್ಗಂಟು

ಯಾವ ಕೈಪಿಡಿಯೂ ಬಾಯಿಬಿಟ್ಟು ಹೇಳದ ಸಂಗತಿ ಇದು. ಸಭೆ, ತರಬೇತಿ ಎಂದರೆ ಅಧಿಕಾರಿಗಳು ದಿನಭತ್ಯೆ ನಿರೀಕ್ಷಿಸುತ್ತಾರೆ, ಹಳ್ಳಿಯ ಸಮಿತಿಗಳು ಊಟದ ಕಾಸು. ದಶಕಗಳಿಂದ ದಾನಿ ಸಂಸ್ಥೆಗಳೇ ಬೆಳೆಸಿದ ರೂಢಿ ಇದು, ಸರ್ಕಾರಿ ಸಂಬಳ ಕಡಿಮೆ ಇರುವಲ್ಲಿ ಭತ್ಯೆಯೇ ಸಂಸಾರ ನಡೆಸುತ್ತದೆ. ಕೊಡುವುದೇ ಇಲ್ಲವೆಂದು ಹಟ ಹಿಡಿದರೆ ಯಾರೂ ಬರುವುದಿಲ್ಲ. ಕೇಳಿದಷ್ಟು ಕೊಟ್ಟರೆ ಬರುವವರು ಭತ್ಯೆಗೆ ಬರುತ್ತಾರೆ. ಜಿಲ್ಲೆಯ ಇತರ ಸಂಸ್ಥೆಗಳು ಒಪ್ಪಿಕೊಂಡ ದರವನ್ನು ಕೇಳಿ ತಿಳಿದು ಅದನ್ನು ಮೀರದಿರಿ. ಸಭೆಯನ್ನು ಜಿಲ್ಲಾ ಕೇಂದ್ರದ ಹೋಟೆಲಿನಲ್ಲಿ ಮಾಡದೆ ಹಳ್ಳಿಯಲ್ಲೇ ಮಾಡಿ. ಪ್ರಯಾಣದ ವೆಚ್ಚವನ್ನು ಮೊಬೈಲ್ ಹಣದ ಮೂಲಕ ನೇರವಾಗಿ ಕಳುಹಿಸಿ. ನಿಮ್ಮ ಒಟ್ಟು ಬಜೆಟ್ ಎಷ್ಟೆಂಬುದನ್ನು, ಅದರಲ್ಲಿ ವಾಹನ ಮತ್ತು ಸಂಬಳಕ್ಕೆ ಹೋಗುವುದನ್ನೂ ಸೇರಿಸಿ, ಬ್ವಾಲೊದಲ್ಲಿ ಓದಿ ಹೇಳಿ. ಮುಜುಗರವಾಗುತ್ತದೆ, ಆದರೆ ಆ ಮೇಲೆ ಗುಸುಗುಸು ಕಡಿಮೆ.

ದೂರು ಹೇಳಲು ಒಂದು ದಾರಿಯೂ ಇರಲಿ. ನಿಮ್ಮ ಸಿಬ್ಬಂದಿಯ ಮೇಲೆಯೇ ದೂರಿದ್ದರೆ ಅದನ್ನು ಕೇಳುವವರು ಅದೇ ಸಿಬ್ಬಂದಿಯ ಮೇಲಧಿಕಾರಿ ಆಗಿರಬಾರದು. ದೂರವಾಣಿ ಸಂಖ್ಯೆಯನ್ನು ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಚಿಚೆವಾ ಭಾಷೆಯಲ್ಲೂ ಆ ಪ್ರದೇಶದ ಭಾಷೆಯಲ್ಲೂ ಬರೆದು ಶಾಲೆ, ಚರ್ಚು, ಮಸೀದಿ, ಗಿರಣಿಗಳ ಗೋಡೆಗೆ ಅಂಟಿಸಿ. ಮೆಕ್ಕೆಜೋಳ ಬೀಸಲು ಸಾಲು ನಿಂತ ಹೆಂಗಸರು ಅದನ್ನು ಓದಿಸಿಕೊಳ್ಳುತ್ತಾರೆ.

ಹೊರಡುವ ದಿನಾಂಕ ಮೊದಲೇ ಬರೆದಿಡಿ

ಒಪ್ಪಂದ ಬರೆಯುವಾಗಲೇ ಮುಗಿಯುವ ತಿಂಗಳನ್ನು ನಮೂದಿಸಿ, ಮೊದಲ ಸಭೆಯಲ್ಲೇ ಹೇಳಿ. ಮೂರು ವರ್ಷ ಸಾಕು, ಎರಡು ಕಡಿಮೆ. ಕೊನೆಯ ವರ್ಷದಲ್ಲಿ ತರಬೇತುದಾರರಿಗೆ ನೀವು ಕೊಡುವ ಗೌರವಧನವನ್ನು ನಿಲ್ಲಿಸಿ, ಹೊಸ ಗುಂಪುಗಳೇ ಅವರಿಗೆ ಶುಲ್ಕ ಕೊಡುವ ಪದ್ಧತಿಗೆ ಬನ್ನಿ. ಹೀಗೆ ಊರಿನೊಳಗೇ ಸಂಪಾದಿಸುವ ತರಬೇತುದಾರರು ನೀವಿಲ್ಲದಾಗಲೂ ಗುಂಪು ಕಟ್ಟುತ್ತಿರುತ್ತಾರೆ. ಪಂಪುಗಳ ಪಟ್ಟಿ, ಕೊರೆದ ಆಳ, ನೀರಿನ ಪರೀಕ್ಷೆಯ ಫಲಿತಾಂಶ, ಪಂಪು ರಿಪೇರಿ ಮಾಡುವ ಪ್ರದೇಶ ಮೆಕ್ಯಾನಿಕ್ಕರ ಹೆಸರು ಜಿಲ್ಲಾ ನೀರಿನ ಕಚೇರಿಗೆ ಲಿಖಿತವಾಗಿ ಹೋಗಬೇಕು.

ಬಜೆಟ್ಟಿನಲ್ಲಿ ಇನ್ನೊಂದು ಸಾಲು ಇರಲಿ: ಮುಗಿದ ಎರಡು ವರ್ಷದ ನಂತರದ ಒಂದು ಭೇಟಿಯ ವೆಚ್ಚ. ಅದಕ್ಕೆ ಯೋಜನೆಯಲ್ಲಿ ದುಡಿದವರನ್ನು ಕಳುಹಿಸಬೇಡಿ, ಜಿಲ್ಲಾ ಮಂಡಳಿಯ ಒಬ್ಬರು ಮತ್ತು ಪಕ್ಕದ ಜಿಲ್ಲೆಯ ಸಂಸ್ಥೆಯೊಂದರ ಒಬ್ಬರು ಹೋಗಲಿ. ಅವರು ಕೇಳಬೇಕಾದ್ದು ನಾಲ್ಕೇ: ಎಷ್ಟು ಗುಂಪುಗಳು ಈ ವರ್ಷವೂ ಹಣ ಹಂಚಿಕೊಂಡವು, ಹೊಸ ಗುಂಪುಗಳೆಷ್ಟು, ಪಂಪು ಕೊನೆಯ ಸಲ ಕೆಟ್ಟಾಗ ಎಷ್ಟು ದಿನ ನಿಂತಿತ್ತು, ರಿಪೇರಿಗೆ ಹಣ ಎಲ್ಲಿಂದ ಬಂತು. ವರದಿಯ ಚಿಚೆವಾ ಪ್ರತಿ ಮೊದಲು ಪ್ರದೇಶ ಅಭಿವೃದ್ಧಿ ಸಮಿತಿಗೆ ಹೋಗಲಿ, ದಾನಿಗಳಿಗೆ ಆಮೇಲೆ.